ಪಂಚಾಯಿತಿ ವಿರುದ್ಧ ಕೇಸು ಗೆದ್ದಿರಿ, ಕೋರ್ಟಿನ ಖರ್ಚು ಯಾರು ಕೊಡ್ತಾರೆ?

ತೀರ್ಪಿನ ನಕಲು ಕೈಗೆ ಬಂದ ದಿನ ದೊಡ್ಡಪ್ಪ ಅದನ್ನು ನನ್ನಿಂದ ಮೂರು ಸಲ ಓದಿಸಿದರು. ನಾವು ಗೆದ್ದಿದ್ದೆವು. ಹಿತ್ತಲಿನ ಪಾಗಾರ (ಕಾಂಪೌಂಡ್ ಗೋಡೆ) ಕೆಡವಲು ಪಂಚಾಯಿತಿಗೆ ಹಕ್ಕಿಲ್ಲ, ಗಟಾರ ತೆಗೆಯುವುದಿದ್ದರೆ ಅಳತೆ ಮಾಡಿಸಿ ಕಾನೂನು ಪ್ರಕಾರ ಮಾಡಿ ಎಂದು ಕೋರ್ಟು ಹೇಳಿತ್ತು. ಕೊನೆಯ ಸಾಲಿನಲ್ಲಿ ದಾವೆಯನ್ನು ಖರ್ಚು ಸಹಿತ ಡಿಕ್ರಿ ಮಾಡಲಾಗಿದೆ ಎಂದಿತ್ತು. ದೊಡ್ಡಪ್ಪನ ಬೆರಳು ಆ ಸಾಲಿನ ಮೇಲೆ ನಿಂತಿತು. "ಹಾಗಾದ್ರೆ ನಾವು ಹಾಕಿದ ದುಡ್ಡೆಲ್ಲ ವಾಪಸ್ ಬರ್ತದೆ, ಅಲ್ವಾ ತಮಾ?"

ಹೌದು ಎಂದೆ. ನನಗೂ ಹಾಗೇ ಅನ್ನಿಸಿತ್ತು.

ಕೆಲವು ವಾರಗಳ ಮೇಲೆ ಡಿಕ್ರಿಯ, ಅಂದರೆ ತೀರ್ಪಿನ ಪ್ರಕಾರ ಯಾರಿಗೆ ಏನು ಸಿಗಬೇಕು ಎಂದು ಕೋರ್ಟು ಬರೆದುಕೊಡುವ ಕಾಗದದ, ಪ್ರತಿ ಬಂತು. ಅದರ ಕೆಳಗೆ ಒಂದು ಚಿಕ್ಕ ಪಟ್ಟಿ. ಅರ್ಜಿಯ ಸ್ಟಾಂಪು ಇಷ್ಟು, ಸಮನ್ಸಿನ ಫೀಸು ಇಷ್ಟು, ವಕೀಲರ ಫೀಸು ಇಷ್ಟು. ಕೂಡಿಸಿದರೆ ನಾವು ನಿಜಕ್ಕೂ ಖರ್ಚು ಮಾಡಿದ್ದರ ಕಾಲು ಭಾಗವೂ ಇರಲಿಲ್ಲ. ಅಡಿಕೆ ಮಾರಿದ ದುಡ್ಡು, ಅಕ್ಕನ ಮದುವೆಗೆಂದು ಇಟ್ಟಿದ್ದರಲ್ಲಿ ಒಂದು ಪಾಲು, ಎಲ್ಲ ಆ ಕೇಸಿಗೆ ಹೋಗಿತ್ತು. ದೊಡ್ಡಪ್ಪ ಅವತ್ತು ಊಟಕ್ಕೆ ಕೂತರೂ ಮಾತಾಡಲಿಲ್ಲ.

ಆಮೇಲೆ ನಾನು ಕಂಡ ಕಂಡ ವಕೀಲರನ್ನು ಕೇಳಿದೆ. ಕಾನೂನಿನ ಪುಸ್ತಕ ತೆಗೆದು ಕೂತೆ. ನಾನು ವಕೀಲನಲ್ಲ. ಆದರೆ ಆ ಪಟ್ಟಿ ಯಾಕೆ ಅಷ್ಟು ಚಿಕ್ಕದಾಯ್ತು, ಅದನ್ನು ಇನ್ನಷ್ಟು ದೊಡ್ಡದು ಮಾಡಲು ನಾವು ಯಾವಾಗ ಏನು ಮಾಡಬೇಕಿತ್ತು ಎಂಬುದು ಈಗ ಗೊತ್ತಾಗಿದೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲಿ, ಎಷ್ಟೋ ಮನೆಗಳಿಗೆ ಪಂಚಾಯಿತಿ, ಪುರಸಭೆ, ನಗರಸಭೆಯ ಜೊತೆ ಇಂಥದೇ ಜಗಳ ಇದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ

ನಮ್ಮ ಸಿವಿಲ್ ಕೇಸುಗಳೆಲ್ಲ ನಡೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಅದರ 35ನೇ ಕಲಮು ಖರ್ಚಿನದು. ಯಾರು ಖರ್ಚು ಕೊಡಬೇಕು, ಎಷ್ಟು ಕೊಡಬೇಕು ಎಂದು ತೀರ್ಮಾನಿಸುವ ಅಧಿಕಾರ ನ್ಯಾಯಾಧೀಶರದು. ಆದರೆ ಸಾಮಾನ್ಯ ನಿಯಮ ಒಂದಿದೆ: ಸೋತವರು ಗೆದ್ದವರ ಖರ್ಚು ಕೊಡಬೇಕು. ಗೆದ್ದವರಿಗೆ ಖರ್ಚು ಕೊಡಿಸುವುದಿಲ್ಲ ಎಂದಾದರೆ, ಯಾಕೆ ಕೊಡಿಸುವುದಿಲ್ಲ ಎಂದು ನ್ಯಾಯಾಧೀಶರು ಕಾರಣ ಬರೆಯಬೇಕು. ಇದು ಎದುರಿನವರು ಪಕ್ಕದ ಮನೆಯವರಾದರೂ ಅಷ್ಟೇ, ನಗರಸಭೆಯಾದರೂ ಅಷ್ಟೇ. ಸ್ಥಳೀಯ ಸಂಸ್ಥೆ ಎಂದ ಮಾತ್ರಕ್ಕೆ ರಿಯಾಯಿತಿ ಇಲ್ಲ.

ಈ ಮಾತು ತುಂಬ ಮುಖ್ಯ. ಯಾಕೆಂದರೆ ಎಷ್ಟೋ ತೀರ್ಪುಗಳ ಕೊನೆಗೆ, ಉಭಯ ಪಕ್ಷದವರು ತಮ್ಮ ತಮ್ಮ ಖರ್ಚು ಭರಿಸಿಕೊಳ್ಳತಕ್ಕದ್ದು ಎಂದು ಬರೆದಿರುತ್ತದೆ. ನಾವು ಅದನ್ನು ಪದ್ಧತಿ ಎಂದು ಒಪ್ಪಿಕೊಂಡು ಬಿಡುತ್ತೇವೆ. ಪದ್ಧತಿ ಇರಬಹುದು, ನಿಯಮ ಅದಲ್ಲ. ವಾದ ಮುಗಿಯುವ ಹೊತ್ತಿಗೆ ನಮ್ಮ ವಕೀಲರು ಎದ್ದು ನಿಂತು ಖರ್ಚು ಕೊಡಿಸಿ, ಇಂಥ ಕಾರಣಕ್ಕೆ ಕೊಡಿಸಿ ಎಂದು ಎರಡು ವಾಕ್ಯ ಹೇಳಿದರೆ ವ್ಯತ್ಯಾಸ ಆಗುತ್ತದೆ. ದಾವೆಯ ಅರ್ಜಿಯಲ್ಲೂ, ಕೊನೆಯಲ್ಲಿ ಕೊಡುವ ಲಿಖಿತ ವಾದದಲ್ಲೂ ಅದನ್ನು ಬರೆಸಬೇಕು.

ಇನ್ನೊಂದು ಮುಖವನ್ನೂ ಈಗಲೇ ಹೇಳಿಬಿಡುತ್ತೇನೆ. ಸೋತರೆ ಪಂಚಾಯಿತಿಯ ಖರ್ಚು ನಮ್ಮ ತಲೆಗೆ ಬರುತ್ತದೆ. ಅರ್ಧ ಗೆದ್ದು ಅರ್ಧ ಸೋತರೆ ಗೆದ್ದ ಪಾಲಿಗೆ ತಕ್ಕಷ್ಟೇ ಖರ್ಚು ಕೊಡಿಸುವುದುಂಟು. ಹಾಗಾಗಿ ಸಿಟ್ಟಿಗೆ ಹತ್ತು ಬೇಡಿಕೆ ಬರೆಯುವುದಕ್ಕಿಂತ ಗಟ್ಟಿಯಾದ ಎರಡು ಬರೆಯುವುದು ಒಳ್ಳೆಯದು.

ಪಟ್ಟಿ ಯಾಕೆ ಚಿಕ್ಕದಾಗುತ್ತದೆ

ನಮ್ಮ ಮಾತಿನಲ್ಲಿ ಖರ್ಚು ಎಂದರೆ ಜೇಬಿನಿಂದ ಹೋದದ್ದೆಲ್ಲ. ಕೋರ್ಟಿನ ಮಾತಿನಲ್ಲಿ ಖರ್ಚು ಎಂದರೆ ನಿಯಮದಲ್ಲಿ ಹೆಸರಿರುವ ಬಾಬತ್ತುಗಳು ಮಾತ್ರ. ದೊಡ್ಡಪ್ಪನಿಗೆ ಬೇಜಾರಾದದ್ದು ಈ ಎರಡರ ನಡುವಿನ ಅಂತರಕ್ಕೆ.

ಅರ್ಜಿಗೆ ಕಟ್ಟಿದ ಕೋರ್ಟ್ ಫೀ ಬರುತ್ತದೆ. ಸಮನ್ಸು ಕಳಿಸಲು ಕಟ್ಟಿದ ಪ್ರೊಸೆಸ್ ಫೀ ಬರುತ್ತದೆ. ಇವಕ್ಕೆ ಕೋರ್ಟಿನ ಕಡತದಲ್ಲೇ ದಾಖಲೆ ಇರುವುದರಿಂದ ತಕರಾರಿಲ್ಲ. ಇವಲ್ಲದೆ ಸಂಹಿತೆಯಲ್ಲಿ 20-ಎ ಎಂಬ ಒಂದು ಆದೇಶ (ಸಂಹಿತೆಯ ನಿಯಮಗಳ ಒಂದೊಂದು ಅಧ್ಯಾಯಕ್ಕೆ ಹಾಗೆನ್ನುತ್ತಾರೆ) ಇದೆ. 1976ರ ತಿದ್ದುಪಡಿಯಲ್ಲಿ ಸೇರಿದ್ದು. ಇದನ್ನು ಬಹಳ ಜನ ಓದಿಯೇ ಇರುವುದಿಲ್ಲ. ದಾವೆಗೆ ಮೊದಲು ಕೊಟ್ಟ ನೋಟಿಸಿನ ಖರ್ಚು, ಆ ನೋಟಿಸು ಕಾನೂನಿನಲ್ಲಿ ಕಡ್ಡಾಯ ಇಲ್ಲದಿದ್ದರೂ ಕೇಳಬಹುದು. ಅರ್ಜಿ ಟೈಪು ಮಾಡಿಸಿದ್ದು, ಬರೆಸಿದ್ದು, ಮುದ್ರಿಸಿದ್ದು ಕೇಳಬಹುದು. ಕೋರ್ಟಿನ ದಾಖಲೆ ಪರಿಶೀಲನೆಗೆ ಕಟ್ಟಿದ್ದನ್ನು ಕೇಳಬಹುದು. ಕೋರ್ಟು ಸಮನ್ಸು ಕಳಿಸದೆ ನಾವೇ ಕರೆತಂದ ಸಾಕ್ಷಿಯ ಖರ್ಚನ್ನೂ ಕೇಳಬಹುದು. ಮೇಲ್ಮನವಿಯಾದರೆ ಅದರ ಜೊತೆ ಹಾಕಬೇಕಾದ ತೀರ್ಪು, ಡಿಕ್ರಿಗಳ ನಕಲಿಗೆ ಕೊಟ್ಟದ್ದನ್ನೂ ಕೇಳಬಹುದು.

ಇವುಗಳಲ್ಲಿ ಎಷ್ಟನ್ನು ನಾವು ಕೇಳಿದ್ದೆವು? ನೋಟಿಸಿನ ಖರ್ಚು ಕೇಳಿರಲಿಲ್ಲ. ಟೈಪಿಂಗಿನ ಚೀಟಿ ಇರಲಿಲ್ಲ. ಸಾಕ್ಷಿ ಹೇಳಲು ಬಂದಿದ್ದ ನಿವೃತ್ತ ಸರ್ವೇಯರಿಗೆ ಬಸ್ಸಿನ ಖರ್ಚು, ಊಟ, ದಿನದ ಭತ್ಯೆ ಎಲ್ಲ ದೊಡ್ಡಪ್ಪ ಕೈಯಿಂದಲೇ ಕೊಟ್ಟಿದ್ದರು. ಒಂದು ಸಾಲು ಬರೆಸಿಕೊಂಡಿರಲಿಲ್ಲ. ಮನೆಗೆ ಬಂದ ದೊಡ್ಡ ಮನುಷ್ಯರ ಹತ್ತಿರ ರಸೀದಿ ಕೇಳುವುದು ಹೇಗೆ ಎಂಬ ಸಂಕೋಚ ಅವರಿಗೆ.

ದೊಡ್ಡ ಪೆಟ್ಟು ಬೀಳುವುದು ವಕೀಲರ ಫೀಸಿನಲ್ಲಿ. ನಾವು ಕೊಟ್ಟದ್ದು ಒಂದು, ಡಿಕ್ರಿಯಲ್ಲಿ ಹಿಡಿಯುವುದು ಇನ್ನೊಂದು. ಡಿಕ್ರಿಗೆ ಹಿಡಿಯುವ ಫೀಸನ್ನು ನಿಯಮದ ಪಟ್ಟಿ ನೋಡಿ ಲೆಕ್ಕ ಹಾಕುತ್ತಾರೆ, ಅದು ಸಾಮಾನ್ಯವಾಗಿ ದಾವೆಯ ಬೆಲೆಯನ್ನು ಅವಲಂಬಿಸಿರುತ್ತದೆ. ಪಾಗಾರ ಕೆಡವಬೇಡಿ ಎಂದು ತಡೆಯಾಜ್ಞೆ ಕೇಳುವ ದಾವೆಗೆ ಕಾಗದದ ಮೇಲಿನ ಬೆಲೆ ಬಹಳ ಕಡಿಮೆ. ಹಾಗಾಗಿ ಫೀಸೂ ಕಡಿಮೆ. ಏಳು ವರ್ಷ ನಡೆದ ಕೇಸಾದರೂ ಅಷ್ಟೇ.

ಒಂದು ಲೆಕ್ಕ ನೋಡೋಣ. ಇದರ ಸಂಖ್ಯೆಗಳು ನಾನು ಸುಮ್ನೆ ಇಟ್ಟುಕೊಂಡವು, ಲೆಕ್ಕ ಹೋಗುವ ದಾರಿ ತಿಳಿಯಲಿ ಎಂದು. ಒಬ್ಬರು ಪುರಸಭೆ ವಿರುದ್ಧ ಕೇಸು ಹಾಕಿ ಗೆದ್ದರು. ವಕೀಲರಿಗೆ 60,000 ರೂಪಾಯಿ ಕೊಟ್ಟಿದ್ದರು. ಕೋರ್ಟ್ ಫೀ, ಪ್ರೊಸೆಸ್ ಫೀ ಸೇರಿ 1,500. ನೋಟಿಸಿಗೆ 1,000. ಟೈಪಿಂಗು, ನಕಲು 2,500. ಸಾಕ್ಷಿಗೆ 4,000. 40 ಸಲ ಕೋರ್ಟಿಗೆ ಹೋಗಿಬರಲು ಬಸ್ಸಿಗೆ 8,000. ಆ 40 ದಿನದ ಕೂಲಿ ಕಳೆದುಕೊಂಡದ್ದು 24,000. ಒಟ್ಟು 1,01,000 ರೂಪಾಯಿ. ಈಗ ಡಿಕ್ರಿ. ಕೋರ್ಟಿನ ಫೀಸುಗಳು 1,500, ನೋಟಿಸು 1,000, ಟೈಪಿಂಗು 2,500, ಸಾಕ್ಷಿ 4,000, ಇವೆಲ್ಲಕ್ಕೂ ಚೀಟಿ ಇದ್ದು ಕೇಳಿದ್ದರೆ 9,000. ವಕೀಲರ ಫೀಸು ನಿಯಮದ ಪ್ರಕಾರ 5,000 ಎಂದುಕೊಳ್ಳಿ. ಒಟ್ಟು 14,000. ಚೀಟಿ ಇಲ್ಲದಿದ್ದರೆ? ಕೋರ್ಟಿನ ಕಡತದಲ್ಲಿರುವ 1,500 ಮತ್ತು ಆ 5,000, ಅಂದರೆ 6,500. ಚೀಟಿ ಇಟ್ಟವರಿಗೂ ಇಡದವರಿಗೂ ಎರಡು ಪಟ್ಟು ವ್ಯತ್ಯಾಸ. ಇಬ್ಬರಿಗೂ ದೊಡ್ಡ ಮೊತ್ತವಂತೂ ಕೈ ಬಿಟ್ಟು ಹೋಯಿತು.

ಇದು ನ್ಯಾಯವೇ? ನನಗೆ ಅಲ್ಲ ಅನ್ನಿಸುತ್ತದೆ. ಸುಪ್ರೀಂ ಕೋರ್ಟಿಗೂ ಅನ್ನಿಸಿದೆ. 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಅದು ಹೇಳಿದ್ದು ಹೀಗೆ: ಖರ್ಚು ಎಂದರೆ ನಿಜವಾಗಿ ಆದ, ಒಪ್ಪಬಹುದಾದ ಖರ್ಚು ಇರಬೇಕು. ಕೋರ್ಟ್ ಫೀ, ವಕೀಲರ ಫೀಸು, ಟೈಪಿಂಗು ಮಾತ್ರ ಅಲ್ಲ, ಗೆದ್ದವರು ಕಳೆದ ಸಮಯ, ಓಡಾಟ, ಉಳಿದುಕೊಂಡ ಖರ್ಚು ಕೂಡ ಅದರಲ್ಲಿ ಸೇರಬೇಕು. ಹೈಕೋರ್ಟುಗಳು ಅದಕ್ಕೆ ತಕ್ಕಂತೆ ನಿಯಮ ಮಾಡಿಕೊಳ್ಳಲಿ ಎಂದೂ ಹೇಳಿತು. ಆದರೆ 2011ರಲ್ಲಿ ಸಂಜೀವ ಕುಮಾರ ಜೈನ್ ಎಂಬ ಇನ್ನೊಂದು ಪ್ರಕರಣ ಬಂತು. ದೆಹಲಿ ಹೈಕೋರ್ಟು ಗೆದ್ದವರಿಗೆ 45 ಲಕ್ಷಕ್ಕೂ ಜಾಸ್ತಿ ಖರ್ಚು ಕೊಡಿಸಿತ್ತು, ನಿಜವಾಗಿ ವಕೀಲರಿಗೆ ಕೊಟ್ಟದ್ದನ್ನು ಲೆಕ್ಕ ಹಿಡಿದು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ನಿಜವಾದ ಖರ್ಚು ಸಿಗಬೇಕು ಎಂಬುದು ಸರಿ, ಆದರೆ ಇರುವ ನಿಯಮ ಮೀರಿ ಕೊಡಿಸಲಾಗದು, ನಿಯಮವನ್ನೇ ಬದಲಿಸಬೇಕು ಎಂದಿತು. 2012ರಲ್ಲಿ ಕಾನೂನು ಆಯೋಗವೂ ತನ್ನ 240ನೇ ವರದಿಯಲ್ಲಿ ಇದೇ ವಿಷಯ ಎತ್ತಿಕೊಂಡಿತು. ನಮ್ಮಂಥವರ ದಾವೆಗಳು ನಡೆಯುವ ತಾಲೂಕು ಕೋರ್ಟಿಗೆ ಬಂದಾಗ ನ್ಯಾಯಾಧೀಶರ ಕೈ ಕಟ್ಟಿರುವುದು ಈ ನಿಯಮದಿಂದ. ಅವರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ.

ಬೇಕೆಂದೇ ಸುಳ್ಳು ತಕರಾರು ಮಾಡಿದರೆ ದಂಡದ ಹಾಗೆ ಕೊಡಿಸಲು 35-ಎ ಎಂಬ ಕಲಮು ಇದೆ. ಅದರ ಮಿತಿ 3,000 ರೂಪಾಯಿ. ಈ 3,000 ಕೂಡ 1976ರ ತಿದ್ದುಪಡಿಯದು. ಆಗ ಅದು ದೊಡ್ಡ ಮೊತ್ತ ಆಗಿರಬೇಕು.

ತಾರೀಖಿನ ಮೇಲೆ ತಾರೀಖು

ಸ್ಥಳೀಯ ಸಂಸ್ಥೆಯ ಕೇಸುಗಳಲ್ಲಿ ಹಣ ಸೋರುವ ದೊಡ್ಡ ತೂತು ಎಂದರೆ ಮುಂದೂಡಿಕೆ. ಕಡತ ಬಂದಿಲ್ಲ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬದಲಾಗಿದ್ದಾರೆ, ಮುಖ್ಯಾಧಿಕಾರಿ ಸಭೆಯಲ್ಲಿದ್ದಾರೆ, ವಕೀಲರ ನೇಮಕಕ್ಕೆ ಠರಾವು ಆಗಬೇಕು. ಪ್ರತಿ ಸಲವೂ ದೊಡ್ಡಪ್ಪ ಬೆಳಗಿನ ಬಸ್ಸು ಹತ್ತಿ ಹೋಗಿ, ಸಂಜೆ ಬರಿಗೈಲಿ ಬರುತ್ತಿದ್ದರು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದ ದಿನ ಮಾತ್ರ ಮನೆಯಲ್ಲಿ ಉಳಿದದ್ದು.

ಇದಕ್ಕೆ ಕಾನೂನಿನಲ್ಲಿ ಮದ್ದಿದೆ, ನಾವು ಬಳಸಲಿಲ್ಲ. 17ನೇ ಆದೇಶದ ಪ್ರಕಾರ ವಿಚಾರಣೆಯ ಹಂತದಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಜಾಸ್ತಿ ಸಲ ಮುಂದೂಡಿಕೆ ಕೊಡಬಾರದು. ಮುಂದೂಡಿದಾಗ ಅದರಿಂದಾದ ಖರ್ಚಿನ ಬಗ್ಗೆ ಆದೇಶ ಮಾಡಬೇಕು. 35-ಬಿ ಕಲಮು ಇನ್ನೂ ಗಟ್ಟಿ. ಒಂದು ಕೆಲಸಕ್ಕೆಂದು ಇಟ್ಟ ತಾರೀಖಿನಲ್ಲಿ ಆ ಕೆಲಸ ಮಾಡದೆ ಮುಂದೂಡಿಸಿಕೊಂಡವರು, ಎದುರಿನವರು ಅವತ್ತು ಕೋರ್ಟಿಗೆ ಬಂದದ್ದಕ್ಕೆ ತಕ್ಕ ಖರ್ಚು ಕೊಡಬೇಕೆಂದು ಕೋರ್ಟು ಹೇಳಬಹುದು. ಮುಂದಿನ ತಾರೀಖಿಗೆ ಆ ಹಣ ಕಟ್ಟದಿದ್ದರೆ ಪ್ರತಿವಾದಿ ತನ್ನ ವಾದ ಮುಂದುವರಿಸಲು ಬರುವುದಿಲ್ಲ. ಇದು ಕೇಸು ನಡೆಯುತ್ತಿರುವಾಗಲೇ ಸಿಗುವ ಹಣ. ಕೊನೆಯ ಡಿಕ್ರಿಯ ಲೆಕ್ಕಕ್ಕೆ ಸೇರುವುದಿಲ್ಲ, ಬೇರೆಯೇ. ಬಸ್ಸಿನ ಟಿಕೆಟ್ಟು, ಆ ದಿನದ ಕೂಲಿ ಇವಕ್ಕೆ ಏನಾದರೂ ಬೆಲೆ ಸಿಗುವುದಿದ್ದರೆ ಬಹುಮಟ್ಟಿಗೆ ಇಲ್ಲೇ.

ಆದರೆ ಕೇಳಬೇಕು. ಅವತ್ತೇ ಕೇಳಬೇಕು. ಪಂಚಾಯಿತಿ ಪರ ವಕೀಲರು ಸಮಯ ಕೇಳಿದಾಗ ನಮ್ಮ ವಕೀಲರು ಆಕ್ಷೇಪಣೆ ಇಲ್ಲ ಎಂದರೆ ಮುಗಿಯಿತು. ಒಂದೇ ಬಾರ್ ರೂಮಿನಲ್ಲಿ ಚಹಾ ಕುಡಿಯುವವರು, ಅವರಿಗೂ ಮುಜುಗರ ಇರುತ್ತದೆ. ಹಾಗಾಗಿ ಮೊದಲ ದಿನವೇ ನಮ್ಮ ವಕೀಲರಿಗೆ ಸ್ಪಷ್ಟ ಹೇಳಿಡಿ: ಮೂರನೇ ಸಲ ಮುಂದೂಡಿದರೆ ಖರ್ಚು ಕೇಳಲೇಬೇಕು ಎಂದು.

ನಡುವೆಯೇ ಪಂಚಾಯಿತಿ ಹಿಂದೆ ಸರಿದರೆ

ಇದು ಬಹಳ ಸಲ ಆಗುತ್ತದೆ. ನಮ್ಮದೇ ಊರಿನ ಇನ್ನೊಂದು ಮನೆಯವರಿಗೆ ಹೀಗೇ ಆಯಿತು. ಮೂರು ವರ್ಷ ಕೇಸು ನಡೆಸಿ, ಸಾಕ್ಷಿ ವಿಚಾರಣೆ ಹತ್ತಿರ ಬಂದಾಗ ಸ್ಥಳೀಯ ಸಂಸ್ಥೆಯವರು ತೆರವು ನೋಟಿಸು ವಾಪಸ್ ಪಡೆದಿದ್ದೇವೆ ಎಂದು ಒಂದು ಪತ್ರ ತಂದಿಟ್ಟರು. ಇನ್ನು ಜಗಳವೇ ಇಲ್ಲ ಎಂದು ದಾವೆ ಮುಗಿಯಿತು. ಮನೆಯವರು ಖುಷಿಯಾಗಿ ಬಂದರು. ಖರ್ಚಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಒಂದು ಪೈಸೆ ಬರಲಿಲ್ಲ.

ಅಲ್ಲಿ ಕೇಳಬೇಕಿತ್ತು. ನೋಟಿಸು ಹಿಂಪಡೆದದ್ದು ನಾವು ದಾವೆ ಹಾಕಿದ್ದರಿಂದ, ಮೊದಲೇ ಕೊಟ್ಟ ವಕೀಲರ ನೋಟಿಸಿಗೆ ಉತ್ತರಿಸಿದ್ದರೆ ಈ ಖರ್ಚೇ ಆಗುತ್ತಿರಲಿಲ್ಲ ಎಂದು ಹೇಳಿ, ಆ ಪತ್ರವನ್ನು ದಾಖಲಿಸಿಕೊಂಡು ಖರ್ಚು ಕೊಡಿಸಿ ಎಂದು ಕೇಳಲು ಬರುತ್ತದೆ. 35ನೇ ಕಲಮಿನ ಅಧಿಕಾರ ಪೂರ್ತಿ ವಾದ ನಡೆದು ತೀರ್ಪಾದ ಕೇಸಿಗಷ್ಟೇ ಸೀಮಿತ ಅಲ್ಲ. ಆದರೆ ಎಚ್ಚರ, ದಾವೆಯನ್ನು ನಾವೇ ವಾಪಸ್ ಪಡೆಯುತ್ತೇವೆ ಎಂದು ಅವಸರದಲ್ಲಿ ಸಹಿ ಹಾಕಬೇಡಿ. ಕೋರ್ಟಿನ ಅನುಮತಿ ಇಲ್ಲದೆ ದಾವೆ ಬಿಟ್ಟರೆ ಎದುರಿನವರ ಖರ್ಚು ನಮ್ಮ ಮೇಲೆ ಬರಬಹುದು.

ಲೋಕ ಅದಾಲತ್ತಿನಲ್ಲಿ ರಾಜಿ ಆದಾಗಲೂ ಇದೇ ಗಮನ ಬೇಕು. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಸಿಗುತ್ತದೆ, ಅದು ಲಾಭ. ಆದರೆ ಅದಾಲತ್ತಿನ ತೀರ್ಮಾನದ ಮೇಲೆ ಅಪೀಲು ಇಲ್ಲ. ರಾಜಿ ಪತ್ರದಲ್ಲಿ ಖರ್ಚಿನ ಸಾಲು ಇಲ್ಲದಿದ್ದರೆ ಆಮೇಲೆ ಹುಡುಕಿಕೊಂಡು ಹೋಗುವ ಜಾಗವಿಲ್ಲ. ಸಹಿಗೆ ಮೊದಲು ಇಷ್ಟು ಖರ್ಚನ್ನು ಇಷ್ಟು ದಿನದೊಳಗೆ ಪಂಚಾಯಿತಿ ಕೊಡತಕ್ಕದ್ದು ಎಂಬ ಸಾಲು ಬರೆಸಿ. ರಾಜಿಯ ಉಮೇದಿನಲ್ಲಿ ಅವರು ಒಪ್ಪುವ ಸಾಧ್ಯತೆ ಜಾಸ್ತಿ.

ನೋಟಿಸಿನಿಂದಲೇ ಶುರು

ಸರ್ಕಾರದ ಮೇಲೋ, ಸರ್ಕಾರಿ ಅಧಿಕಾರಿಯ ಮೇಲೋ ದಾವೆ ಹಾಕುವ ಮೊದಲು ಸಂಹಿತೆಯ 80ನೇ ಕಲಮಿನ ಪ್ರಕಾರ ಎರಡು ತಿಂಗಳ ನೋಟಿಸು ಕೊಡಬೇಕು. ತುರ್ತು ಇದ್ದರೆ, ನಾಳೆ ಬೆಳಗ್ಗೆ ಜೆಸಿಬಿ ಬರುತ್ತದೆ ಎಂದಿದ್ದರೆ, ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆ ದಾವೆ ಹಾಕಬಹುದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲೂ ನೋಟಿಸಿನ ನಿಯಮ ಇದೆ. ನಿಮ್ಮ ಕೇಸಿಗೆ ಯಾವ ನೋಟಿಸು, ಎಷ್ಟು ದಿನದ್ದು ಎಂಬುದನ್ನು ವಕೀಲರ ಹತ್ತಿರ ಮೊದಲೇ ಖಾತ್ರಿ ಮಾಡಿಕೊಳ್ಳಿ. ನೋಟಿಸು ತಪ್ಪಿದ್ದರಿಂದ ದಾವೆ ಬಿದ್ದು ಹೋದರೆ ಖರ್ಚು ಕೇಳುವ ಮಾತೇ ಇಲ್ಲ.

ಕಡ್ಡಾಯ ಎಂಬ ಕಾರಣಕ್ಕೆ ಮಾತ್ರ ನೋಟಿಸು ಕೊಡಬೇಡಿ. ಅದು ನಿಮ್ಮ ಖರ್ಚಿನ ಕೇಸಿನ ಅಡಿಪಾಯ. ಸರ್ವೇ ನಕ್ಷೆ ಲಗತ್ತಿಸಿ, ಉತಾರ (ಜಾಗದ ಹಕ್ಕಿನ ದಾಖಲೆ) ಲಗತ್ತಿಸಿ, ಜಂಟಿ ಅಳತೆಗೆ ನಾವು ತಯಾರಿದ್ದೇವೆ ಎಂದು ಬರೆಸಿ, ಉತ್ತರಿಸದಿದ್ದರೆ ಕೋರ್ಟಿಗೆ ಹೋಗುವುದು ಅನಿವಾರ್ಯ, ಆ ಖರ್ಚಿಗೆ ನೀವೇ ಹೊಣೆ ಎಂದು ಕೊನೆಗೆ ಸೇರಿಸಿ. ಸ್ಪೀಡ್ ಪೋಸ್ಟಿನ (ಹಿಂದಿನ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಇದರಲ್ಲೇ ಸೇರಿತು) ರಸೀದಿ, ಮರಳಿ ಬಂದ ಸ್ವೀಕೃತಿ ಚೀಟಿ, ಎರಡನ್ನೂ ಪಿನ್ನು ಮಾಡಿಡಿ. ಈ ಜನ ಕೋರ್ಟಿಗೆ ಬರದೆಯೇ ಬಗೆಹರಿಸಲು ನೋಡಿದ್ದರು, ಪಂಚಾಯಿತಿ ಕಿವಿಗೇ ಹಾಕಿಕೊಳ್ಳಲಿಲ್ಲ ಎಂದು ನ್ಯಾಯಾಧೀಶರಿಗೆ ಒಂದೇ ನೋಟಕ್ಕೆ ಕಾಣಬೇಕು.

ಇನ್ನೊಂದು ಗೊಂದಲ ಇಲ್ಲಿಯೇ ಬಿಡಿಸಬೇಕು. ಕೆಡವಿದ ಪಾಗಾರ ಮತ್ತೆ ಕಟ್ಟಿಸಲು ಆಗುವ ಹಣ ಖರ್ಚಲ್ಲ, ಅದು ನಷ್ಟ ಪರಿಹಾರ. ಎರಡೂ ಬೇರೆ ಬೇರೆ. ಚಿರೇಕಲ್ಲು, ಗಾರೆ, ಕೂಲಿ ಇವನ್ನು ಪರಿಹಾರವೆಂದು ಅರ್ಜಿಯಲ್ಲೇ ಕೇಳಬೇಕು, ಅದಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕು. ಮೊದಲು ತಡೆಯಾಜ್ಞೆ ಸಿಗಲಿ, ಪರಿಹಾರಕ್ಕೆ ಆಮೇಲೆ ಬೇರೆ ದಾವೆ ಹಾಕೋಣ ಎಂದರೆ ಆಗುವುದಿಲ್ಲ. ಒಂದೇ ಕಾರಣದಿಂದ ಹುಟ್ಟಿದ ಬೇಡಿಕೆಯನ್ನು ಒಂದೇ ದಾವೆಯಲ್ಲಿ ಕೇಳಬೇಕು, ಬಿಟ್ಟರೆ ಬಿಟ್ಟ ಹಾಗೆ. ನಾವು ಪಾಗಾರದ ಮೂಲೆ ಕೆಡವಿದ್ದಕ್ಕೆ ಪರಿಹಾರ ಕೇಳಿರಲಿಲ್ಲ. ದೊಡ್ಡಪ್ಪ ಅದೂ ಖರ್ಚಿನಲ್ಲೇ ಬರುತ್ತದೆ ಎಂದುಕೊಂಡಿದ್ದರು.

ಕಾರವಾರ, ಅಂಕೋಲೆಯ ಕಡೆ ಸೀಬರ್ಡ್ ನೌಕಾನೆಲೆಗೆ ಜಮೀನು ಹೋದವರಿಗೆ ಇನ್ನೊಂದು ನಿಯಮ ನೆನಪಿರಬಹುದು. 1894ರ ಭೂಸ್ವಾಧೀನ ಕಾಯ್ದೆಯ 27ನೇ ಕಲಮಿನಲ್ಲಿ, ಅಧಿಕಾರಿ ಕೊಟ್ಟ ದರವನ್ನು ಕೋರ್ಟು ಎತ್ತಿಹಿಡಿಯದಿದ್ದರೆ ಖರ್ಚನ್ನು ಸಾಮಾನ್ಯವಾಗಿ ಅಧಿಕಾರಿಯೇ ಕೊಡಬೇಕು ಎಂದಿತ್ತು. ಜಮೀನಿನವರು ವಿಪರೀತ ದರ ಕೇಳಿದ್ದರೆ, ಇಲ್ಲವೇ ಅಧಿಕಾರಿಯ ಮುಂದೆ ತಮ್ಮ ವಾದ ಇಡುವುದರಲ್ಲಿ ನಿರ್ಲಕ್ಷ್ಯ ಮಾಡಿದ್ದರೆ ಮಾತ್ರ ಕಡಿತ. 2013ರ ಹೊಸ ಕಾಯ್ದೆಯಲ್ಲೂ ಇಂಥದೇ ಮಾತಿದೆ. ಅಂದರೆ ರಸ್ತೆಗೋ ಯೋಜನೆಗೋ ಜಮೀನು ಕೊಟ್ಟು ದರಕ್ಕಾಗಿ ಹೋರಾಡುವವರು ಖರ್ಚು ಕೇಳಲು ಹಿಂಜರಿಯಬೇಕಾಗಿಲ್ಲ.

ಡಿಕ್ರಿ ಬಂತು, ಹಣ ಬರಲಿಲ್ಲ

ತೀರ್ಪಾದ ಕೂಡಲೇ ವಕೀಲರ ಮೂಲಕ ಖರ್ಚಿನ ಮೆಮೊ ಸಲ್ಲಿಸಬೇಕು. ರಸೀದಿಗಳನ್ನೆಲ್ಲ ಕೊಟ್ಟು, ಯಾವ ಬಾಬತ್ತಿಗೆ ಎಷ್ಟು ಎಂದು ಬರೆದ ಪಟ್ಟಿ ಅದು. ಇದನ್ನು ತಡಮಾಡಿದರೆ ಡಿಕ್ರಿ ಬರೆಯುವವರು ಕಡತದಲ್ಲಿ ಇದ್ದಷ್ಟನ್ನೇ ಹಿಡಿಯುತ್ತಾರೆ. ನಮಗಾದದ್ದು ಇದೇ. ತೀರ್ಪಿನಲ್ಲಿ ಖರ್ಚು ಸಹಿತ ಎಂದಿದ್ದು, ಡಿಕ್ರಿಯಲ್ಲಿ ಮೊತ್ತ ಬಿಟ್ಟುಹೋಗಿದ್ದರೆ ಅಥವಾ ಕೂಡಿಸುವುದರಲ್ಲಿ ತಪ್ಪಾಗಿದ್ದರೆ 152ನೇ ಕಲಮಿನಡಿ ತಿದ್ದಿಸಬಹುದು. ಹಾಗೆಂದು ಮೊದಲು ಕೇಳದೇ ಇದ್ದದ್ದನ್ನು ತಿದ್ದುಪಡಿ ಹೆಸರಲ್ಲಿ ಸೇರಿಸಲು ಬರುವುದಿಲ್ಲ.

ಡಿಕ್ರಿ ಕೈಗೆ ಬಂದ ಮೇಲೆ ಮೊದಲ ಕೆಲಸ ಪತ್ರ. ಪಂಚಾಯಿತಿಗಾದರೆ ಪಿಡಿಒಗೆ, ಪುರಸಭೆಗಾದರೆ ಮುಖ್ಯಾಧಿಕಾರಿಗೆ, ನಗರಸಭೆಗಾದರೆ ಪೌರಾಯುಕ್ತರಿಗೆ. ದೃಢೀಕೃತ ನಕಲು, ಬ್ಯಾಂಕ್ ಖಾತೆಯ ವಿವರ ಲಗತ್ತಿಸಿ ಕೊಟ್ಟು ಟಪಾಲಿನಲ್ಲಿ ಸೀಲು ಹಾಕಿಸಿಕೊಳ್ಳಿ. ಕಚೇರಿಯವರಿಗೂ ಭಯ ಇರುತ್ತದೆ, ಯಾವ ಲೆಕ್ಕದಲ್ಲಿ ಹಣ ತೆಗೆಯುವುದು, ಆಡಿಟ್ಟಿನಲ್ಲಿ ಏನು ಕೇಳುತ್ತಾರೆ ಎಂದು. ಹಾಗಾಗಿ ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಟ್ಟು, ಸಾಮಾನ್ಯ ಸಭೆಯಲ್ಲಿ ವಿಷಯ ಇಡಲು ಹೇಳುವುದು ಒಳ್ಳೆಯದು. ದೊಡ್ಡಪ್ಪನಿಗೆ ಡಿಕ್ರಿಯ ಹಣ ಸಿಕ್ಕಿದ್ದು ಹೀಗೆ, ಎರಡನೇ ಪತ್ರದ ಮೇಲೆ.

ಕೊಡದಿದ್ದರೆ ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ. ಹಣದ ಡಿಕ್ರಿಗೆ 12 ವರ್ಷದ ಅವಧಿ ಇದೆ. ಸರ್ಕಾರ ಕೂಡ ಪ್ರತಿವಾದಿಯಾಗಿದ್ದು ಡಿಕ್ರಿ ಅದರ ಮೇಲೂ ಆಗಿದ್ದರೆ, ಸರ್ಕಾರದ ಮಟ್ಟಿಗೆ ಮೂರು ತಿಂಗಳು ಕಾಯಬೇಕು. ಕೋರ್ಟಿನ ಅಮೀನರು ಸರ್ಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್ ಜಪ್ತಿ ಮಾಡಿದ ಸುದ್ದಿ ಪೇಪರಿನಲ್ಲಿ ಆಗಾಗ ಓದಿರುತ್ತೀರಿ. ಅದು ಈ ಹಂತದ್ದು. ಹಣವನ್ನು ಕೋರ್ಟಿನ ಹೊರಗೆ ಕೊಟ್ಟರೆ ಅದನ್ನು ಕೋರ್ಟಿನಲ್ಲಿ ದಾಖಲಿಸಬೇಕು ಎಂಬುದನ್ನೂ ಮರೆಯಬೇಡಿ.

ಪಂಚಾಯಿತಿ ಅಪೀಲು ಹೋಗಬಹುದು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ಬೇರೆ ತಡೆಯಾಜ್ಞೆ ಬೇಕು. ಆದರೆ ಅಲ್ಲಿ ಅವರು ಗೆದ್ದರೆ ಪಡೆದದ್ದನ್ನು ವಾಪಸ್ ಕೊಡಬೇಕಾಗುತ್ತದೆ. ಹಾಗಾಗಿ ಅಪೀಲಿನ ಅವಧಿ ಮುಗಿಯುವವರೆಗೆ ಆ ಹಣ ಮುಟ್ಟಬೇಡಿ ಎಂದು ನಾನು ದೊಡ್ಡಪ್ಪನಿಗೆ ಹೇಳಿದ್ದೆ.

ಬೇರೆ ಬಾಗಿಲುಗಳು

ಎಲ್ಲ ಜಗಳಕ್ಕೂ ಸಿವಿಲ್ ದಾವೆಯೇ ಬೇಕೆಂದಿಲ್ಲ. ಖಾತೆ ಬದಲಾವಣೆ, ಕಟ್ಟಡ ಪರವಾನಗಿ ಇಂಥ ಅರ್ಜಿ ಕೊಳೆಯುತ್ತಿದ್ದರೆ ಮೊದಲು ಅದು ಸಕಾಲದ, ಅಂದರೆ ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಕಾಯ್ದೆಯ, ಪಟ್ಟಿಯಲ್ಲಿದೆಯಾ ನೋಡಿ. 2011ರ ಆ ಕಾಯ್ದೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರರಿಗೆ ಸಿಗುತ್ತದೆ. ಮೊತ್ತ ಚಿಕ್ಕದು. ಆದರೆ ಅದನ್ನು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲು ಮಾಡುತ್ತಾರೆ. ಅದಕ್ಕೇ ಕಚೇರಿಗಳಲ್ಲಿ ಆ ಹೆಸರಿಗೆ ಸ್ವಲ್ಪ ಗೌರವ.

ಮಾಹಿತಿ ಹಕ್ಕಿನಲ್ಲಿ ಎರಡು ಬೇರೆ ಹಣಗಳಿವೆ, ಜನ ಅದನ್ನು ಕಲಸಿಕೊಳ್ಳುತ್ತಾರೆ. ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಅದು ನಮಗೆ ಬರುವುದಿಲ್ಲ. ನಮಗೆ ಆದ ನಷ್ಟಕ್ಕೆ ಪರಿಹಾರ ಕೊಡಿಸುವ ಅಧಿಕಾರ 19ನೇ ಕಲಮಿನಲ್ಲಿ ಮಾಹಿತಿ ಆಯೋಗಕ್ಕೆ ಬೇರೆಯೇ ಇದೆ, ಅದನ್ನು ಅಪೀಲಿನಲ್ಲಿ ಬಾಯಿಬಿಟ್ಟು ಕೇಳಬೇಕು.

ದುಡ್ಡು ಕೊಟ್ಟು ಪಡೆಯುವ ಸೇವೆಯ ತಕರಾರಾದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕ ಇಲ್ಲ, ನಾವೇ ವಾದಿಸಬಹುದು, ಖರ್ಚನ್ನೂ ಕೊಡಿಸುತ್ತಾರೆ. ಮನೆ ತೆರಿಗೆಯ ಜಗಳ ಅಲ್ಲಿಗೆ ಬರುವುದಿಲ್ಲ. ನೀರು, ಚರಂಡಿ, ಸ್ವಚ್ಛತೆಯ ವಿಷಯಕ್ಕೆ ಕಾಯಂ ಲೋಕ ಅದಾಲತ್ತಿಗೂ ಹೋಗಬಹುದು. ಧಾರವಾಡದ ಹೈಕೋರ್ಟಿಗೆ ರಿಟ್ (ಸರ್ಕಾರಿ ಸಂಸ್ಥೆಯ ವಿರುದ್ಧ ನೇರವಾಗಿ ಹೈಕೋರ್ಟಿಗೆ ಕೊಡುವ ಅರ್ಜಿ) ಹಾಕುವವರು ಮಾತ್ರ ಒಂದು ತಿಳಿದಿರಲಿ: ಅಲ್ಲಿ ಬೇಗ ಪರಿಹಾರ ಸಿಗಬಹುದು, ಖರ್ಚು ಸಿಗುವುದು ಕಮ್ಮಿ.

ಖರ್ಚು ವಾಪಸ್ ಪಡೆಯುವುದಕ್ಕಿಂತ ಖರ್ಚೇ ಆಗದಂತೆ ನೋಡಿಕೊಳ್ಳುವುದು ಸುಲಭ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ತಾಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. ದೊಡ್ಡಪ್ಪನ ಮನೆಯ ಉತಾರದಲ್ಲಿ ದೊಡ್ಡಮ್ಮನ ಹೆಸರೂ ಇತ್ತು. ಅವರೇ ವಾದಿಯಾಗಿದ್ದರೆ? ನಮಗೆ ಯಾರೂ ಹೇಳಲಿಲ್ಲ.

ಆ ಹಣ ಯಾರದು

ಪಂಚಾಯಿತಿಯಿಂದ ಬಂದ ಚೆಕ್ಕು ಕೈಯಲ್ಲಿ ಹಿಡಿದಾಗ ದೊಡ್ಡಪ್ಪ ಒಂದು ಮಾತು ಹೇಳಿದರು. "ಇದು ನಾವು ಕಟ್ಟಿದ ಮನೆ ತೆರಿಗೆಯೇ ಅಲ್ವಾ ತಮಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಳತೆ ಮಾಡಿಸದೆ ಜೆಸಿಬಿ ಕಳಿಸಿದವರು ಆಗಲೇ ವರ್ಗವಾಗಿ ಹೋಗಿದ್ದರು. ಖರ್ಚು ಕೊಟ್ಟದ್ದು ಊರಿನ ಬೊಕ್ಕಸ.

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟು 1993ರಲ್ಲೇ ಎತ್ತಿಕೊಂಡಿತ್ತು, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ. ಜನರಿಗೆ ಕಿರುಕುಳ ಕೊಟ್ಟದ್ದಕ್ಕೆ ಪರಿಹಾರ ಕೊಡಬೇಕಾದಾಗ ಆ ಹಣ ತೆರಿಗೆದಾರರದು, ಆದ್ದರಿಂದ ಮೊದಲು ಸಾರ್ವಜನಿಕ ನಿಧಿಯಿಂದ ಕೊಟ್ಟು, ಆಮೇಲೆ ಹೊಣೆಗಾರ ಅಧಿಕಾರಿಗಳಿಂದ ವಸೂಲು ಮಾಡಬೇಕು ಎಂದು ಹೇಳಿತು. ನಿಮ್ಮ ಕೇಸಿನಲ್ಲಿ ಒಬ್ಬ ಅಧಿಕಾರಿ ನಿಯಮ ಗೊತ್ತಿದ್ದೂ ಮೀರಿದ್ದಕ್ಕೆ ದಾಖಲೆ ಇದ್ದರೆ, ಈ ಬೇಡಿಕೆಯನ್ನು ಅರ್ಜಿಯಲ್ಲೇ ಸೇರಿಸಬಹುದೇ ಎಂದು ವಕೀಲರನ್ನು ಕೇಳಿ.

ನಾವು ನಮ್ಮ ಮಟ್ಟಿಗೆ ಒಂದು ಕೆಲಸ ಮಾಡಿದೆವು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟಿದ್ದೇವೆ. ಕಳೆದ ಐದು ವರ್ಷದಲ್ಲಿ ಪಂಚಾಯಿತಿ ಮೇಲೆ ಎಷ್ಟು ಕೇಸಾಗಿವೆ, ವಕೀಲರಿಗೆ ಕೊಟ್ಟದ್ದೆಷ್ಟು, ಸೋತು ಕಟ್ಟಿದ ಖರ್ಚೆಷ್ಟು, ಯಾರಿಂದಾದರೂ ಅದನ್ನು ವಸೂಲು ಮಾಡಿದ್ದಾರಾ ಎಂದು ಕೇಳಿದ್ದೇವೆ. ಉತ್ತರ ಕೊಡಲು ಅವರಿಗೆ 30 ದಿನ ಇದೆ. ಬಂದದ್ದನ್ನು ದೊಡ್ಡಪ್ಪ ಮುಂದಿನ ಗ್ರಾಮಸಭೆಯಲ್ಲಿ ಓದುತ್ತಾರೆ. ಅರ್ಜಿಯ ನಕಲು, ಸೀಲು ಹಾಕಿದ ಸ್ವೀಕೃತಿ, ಶುಲ್ಕದ ರಸೀದಿ ಮೂರನ್ನೂ ಅವರೇ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.